ಪದಚರ್ಚೆ: ‘ಹವಾಮಾನ ಬದಲಾವಣೆ’ – ಬದಲಾಗಿದ್ದು ಹವಾಮಾನವೋ, ವಾಡಿಕೆಯೋ?

ಬಳಗದ ಎಲ್ಲರಿಗೂ ಶರಣು.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಹದಿನೈದು ದಿನವಾಯಿತು. ಬಿಡಿಸಿಕೊಡಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬೇಸರಿಸಬೇಡಿ. ಒಂದು ಎಳೆ ಎಳೆದರೆ ಇನ್ನೊಂದು ಗಂಟು ಸಿಗುತ್ತ ಹೋಯಿತು.

ನಾನು ವಿಜಯಪುರ ಜಿಲ್ಲೆಯವಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಒಂದು ಗುಂಪಿಗೆ ಹದಿನಾರು ಪುಟದ ಕೈಪುಸ್ತಕ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ಕರಡು ಇಂಗ್ಲಿಷಿನಲ್ಲಿ ಬಂತು, ಕೂತು ಕನ್ನಡಕ್ಕೆ ತಂದೆ. ಅಚ್ಚಿಗೆ ಕೊಡುವ ಮೊದಲು ಓದುವವರಿಗೇ ಓದಿ ತೋರಿಸೋಣ ಅಂತ ನಮ್ಮ ಮೈದುನನ ತೋಟದ ಮಣೂಕ (ಒಣದ್ರಾಕ್ಷಿ) ಶೆಡ್ಡಿನಲ್ಲಿ ಏಳೆಂಟು ಮಂದಿಯನ್ನು ಕೂಡಿಸಿದೆವು. ಮೊದಲ ಸಾಲು ಹೀಗಿತ್ತು: ‘ಹವಾಮಾನ ಬದಲಾವಣೆ ಇಂದು ರೈತರ ಮುಂದಿರುವ ದೊಡ್ಡ ಸವಾಲು.’ ಎಂಬತ್ತು ದಾಟಿದ ಕಾಕಾ ಒಬ್ಬರು ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ ಕೇಳಿದರು:

“ಅಕ್ಕಾರ, ಹವಾಮಾನ ಅಂದಮ್ಯಾಲ ಬದಲಾಗೂದ ಅದರ ಕೆಲಸ. ಮುಂಜಾನೆ ಒಂದ, ಸಂಜೀಕ ಒಂದ. ಅದಕ್ಕೊಂದ ಪುಸ್ತಕ ಯಾಕ ಬೇಕ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಯೋಚಿಸಿದರೆ ಕಾಕಾ ಹೇಳಿದ್ದು ಅಕ್ಷರಶಃ ಸರಿ. ತಪ್ಪಿದ್ದು ನನ್ನ ಸಾಲು.

ಮೂವತ್ತು ವರ್ಷ ಮಕ್ಕಳಿಗೆ ನಾನೇ ಕಲಿಸಿದ್ದೇನೆ: ಒಂದು ಜಾಗದ ಇವತ್ತಿನ ಬಿಸಿಲು, ಗಾಳಿ, ಮೋಡ, ಮಳೆ ಇವೆಲ್ಲ ಸೇರಿ ಹವಾಮಾನ, ಅದನ್ನೇ ಬಹಳ ವರ್ಷ ಬರೆದಿಟ್ಟು ತೆಗೆದ ಸರಾಸರಿ ವಾಯುಗುಣ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಪಾಠದ ಹೆಸರೇ ‘ಭಾರತದ ವಾಯುಗುಣ’. ಹವಾಗುಣ ಅನ್ನುವವರೂ ಇದ್ದಾರೆ, ಅದೂ ನಡೆಯುತ್ತದೆ. ಆದರೆ ಶಾಲೆಯ ಗೇಟು ದಾಟಿದ ಕೂಡಲೇ ಈ ಭೇದ ಬಿಸಿಲಿಗಿಟ್ಟ ಬೆಲ್ಲದಂತೆ ಕರಗಿಹೋಗುತ್ತದೆ. ಪತ್ರಿಕೆಯ ಒಂದೇ ಪುಟದಲ್ಲಿ ಮೇಲೆ ‘ಹವಾಮಾನ ಇಲಾಖೆ ಮುನ್ಸೂಚನೆ’, ಅದು ನಾಡಿದ್ದಿನ ಮಾತು. ಕೆಳಗೆ ‘ಹವಾಮಾನ ಬದಲಾವಣೆ ಶೃಂಗಸಭೆ’, ಅದು ನೂರು ವರ್ಷದ ಮಾತು. ನನ್ನ ಕೈಪುಸ್ತಕದಲ್ಲೂ ಒಂಬತ್ತನೆಯ ಪುಟಕ್ಕೆ ‘ಹವಾಮಾನ ಆಧಾರಿತ ಬೆಳೆ ವಿಮೆ’ ಬರುತ್ತದೆ. ಅಲ್ಲಿ ಹವಾಮಾನ ಅಂದರೆ ಆ ಹಂಗಾಮಿನ ಮಳೆ, ಬಿಸಿಲು, ತೇವ. ಅದೇ ರೈತ ಮೊದಲ ಪುಟದಲ್ಲಿ ಅದೇ ಪದ ಓದಿ ಬೇರೆ ಅರ್ಥ ಮಾಡಿಕೊಳ್ಳಬೇಕು ಅಂದರೆ ಹೇಗೆ?

ಈ ಬೆರಕೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಕೂರಲು ಮರಾಠಿಯೂ ಒಂದು ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಅವರದೂ ‘ಹವಾಮಾನ ಬದಲ್’. ನಮ್ಮ ಗಡಿ ತಾಲ್ಲೂಕುಗಳಲ್ಲಿ ಎರಡೂ ಪತ್ರಿಕೆ ಓದುವ ಮನೆ ಬೇಕಾದಷ್ಟಿವೆ. ಹಿಂದಿಯವರು ಈ ವಿಷಯದಲ್ಲಿ ಜಾಣರು: ದಿನದ್ದಕ್ಕೆ ಮೌಸಮ್, ಬಹುಕಾಲದ್ದಕ್ಕೆ ಜಲವಾಯು. ಆ ಜಲವಾಯುವಿನ ಹಿಂದೆ ನಿಂತಿರುವುದು ಪಾರಸಿಯ ಆಬೋಹವಾ, ಅಂದರೆ ನೀರು ಮತ್ತು ಗಾಳಿ. ಮಜಾ ಏನೆಂದರೆ ಇದು ನಮ್ಮ ಆಡುಮಾತಿನಲ್ಲಿ ಮೊದಲಿಂದಲೂ ಇದೆ. ಕೊಟ್ಟ ಮನೆಯಿಂದ ಬಂದ ಮಗಳು ಸೊರಗಿದ್ದರೆ ‘ಆ ಊರ ನೀರು-ಹವಾ ಒಗ್ಗಿಲ್ಲ’ ಅನ್ನುತ್ತೇವಲ್ಲ, ಅದು ಒಂದು ದಿನದ ಮಳೆ-ಬಿಸಿಲಿನ ಮಾತಲ್ಲ, ಊರಿನ ಗುಣದ ಮಾತು. ಬರೀ ಹವಾ ಅಂದರೆ ಬೇರೆ ಕತೆ. ಸೈಕಲ್ಲಿಗೆ ಹವಾ ಹಾಕಿಸುತ್ತೇವೆ, ಎಲೆಕ್ಷನ್ನಿನಲ್ಲಿ ಯಾರದೋ ಹವಾ ಜೋರಿರುತ್ತದೆ. ‘ಹವಾ ಬದಲಾಗೈತಿ’ ಅಂದರೆ ನಮ್ಮಲ್ಲಿ ಒಂದೋ ನೆಗಡಿ, ಇಲ್ಲವೇ ಮಂತ್ರಿಮಂಡಳ.

ಎರಡನೆಯ ಗಂಟು ‘ಹವಾಮಾನ ವೈಪರೀತ್ಯ’. ಪತ್ರಿಕೆಗಳಿಗೆ ಇದು ಬಹಳ ಪ್ರೀತಿಯ ಪದ. ಚಾಟ್ನಿ (ಬಳ್ಳಿ ಸವರುವುದು) ಆದಮೇಲೆ ಅಕ್ಟೋಬರಿನಲ್ಲಿ ಮಳೆ ಹಿಡಿದು ದ್ರಾಕ್ಷಿಗೆ ಡೌನಿ ರೋಗ ಬಿತ್ತೋ, ವೈಪರೀತ್ಯ. ಮಣೂಕ ಒಣಗಿಸುವಾಗ ಅಡ್ಡಮಳೆ ಬಂತೋ, ವೈಪರೀತ್ಯ. ಧ್ರುವದ ಹಿಮ ಕರಗಿತೋ, ಅದೂ ವೈಪರೀತ್ಯ. ಪದದ ಅರ್ಥ ವಿಪರೀತವಾದದ್ದು, ಎಂದಿನದಕ್ಕೆ ತಿರುವುಮುರುವಾದದ್ದು. ಒಂದು ರಾತ್ರಿಯ ಆನೆಕಲ್ಲಿಗೆ (ಆಲಿಕಲ್ಲಿಗೆ) ಅದು ಒಪ್ಪುತ್ತದೆ. ನೂರೈವತ್ತು ವರ್ಷದಿಂದ ಮೆಲ್ಲಗೆ ಒಂದೇ ಕಡೆಗೆ ಸರಿಯುತ್ತಿರುವುದಕ್ಕೆ ಹೇಗೆ ಒಪ್ಪೀತು? ವೈಪರೀತ್ಯ ಬಂದು ಹೋಗುವಂಥದ್ದು, ಹೋದಮೇಲೆ ಎಲ್ಲ ಮೊದಲಿನಂತಾಗುತ್ತದೆ ಎಂಬ ಸಮಾಧಾನ ಆ ಪದದೊಳಗೇ ಇದೆ. ಅದಕ್ಕೇ ನಾನು ಈ ಪದವನ್ನು ಒಡೆದು ಕಾಣುವ ಅತಿರೇಕಗಳಿಗೆ ಮಾತ್ರ ಇಟ್ಟುಕೊಂಡು, ಉಳಿದ ಕಡೆ ಹೊಡೆದುಹಾಕಿದ್ದೇನೆ. ಈ ವಿಷಯದಲ್ಲಿ ಬಳಗದವರು ಒಪ್ಪದಿದ್ದರೂ ನಾನು ಜಗ್ಗುವವಳಲ್ಲ.

ಕಾಕಾ ಅಷ್ಟಕ್ಕೇ ಬಿಡಲಿಲ್ಲ. ಚಹಾ ಬಂದಮೇಲೆ ಇನ್ನೊಂದು ಬಿಟ್ಟರು: “ನಮ್ಮ ಮುತ್ಯಾ ಡೋಗಿ ಬರದ ಕತಿ ಹೇಳತಿದ್ದ. ಎಪ್ಪತ್ತೆರಡರ ಬರ ನಾನ ಉಂಡೀನಿ. ಡೋಗಿ ಬರದಾಗ ಎಷ್ಟ ಮೋಟರ ಇದ್ದೂವ್ರಿ, ಎಷ್ಟ ಹೊಗಿ ಇತ್ತು?”

ಡೋಗಿ ಬರ ಗೊತ್ತಿಲ್ಲದವರಿಗೆ: 1791–92ರದು. ಸತ್ತವರನ್ನು ಮಣ್ಣು ಮಾಡುವವರಿಲ್ಲದೆ ಎಲ್ಲೆಂದರಲ್ಲಿ ತಲೆಬುರುಡೆ ಬಿದ್ದಿದ್ದಕ್ಕೆ ಆ ಹೆಸರು. ಆಮೇಲೆ 1876–78ರ ಬರ, ಆಗ ನಮ್ಮದಿನ್ನೂ ಕಲಾದಗಿ ಜಿಲ್ಲೆ. ಆಮೇಲೆ 1972. ಈ ಮೂರರ ಹಿಂದೆಯೂ ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೊ ಇತ್ತು. ಅದು ಎರಡರಿಂದ ಏಳು ವರ್ಷಕ್ಕೊಮ್ಮೆ ಬಂದು, ಒಂದೆರಡು ವರ್ಷ ಕಾಡಿ ಹೋಗುತ್ತದೆ. ಮನುಷ್ಯನ ಹೊಗೆಗೂ ಆ ಬರಗಳಿಗೂ ಸಂಬಂಧ ಹಚ್ಚಲಿಕ್ಕೆ ಬರುವುದಿಲ್ಲ. ಕಾಕಾನ ಪ್ರಶ್ನೆ ಹುಡುಗಾಟದ್ದಲ್ಲ.

ನೋಡಿದರೆ ದೊಡ್ಡವರ ಮನೆಯಲ್ಲೂ ಇದೇ ಗೊಂದಲ. 1992ರ ವಿಶ್ವಸಂಸ್ಥೆಯ ಒಡಂಬಡಿಕೆ ಈ ‘ಬದಲಾವಣೆ’ಯನ್ನು ಹೀಗೆ ಕಟ್ಟಿಹಾಕುತ್ತದೆ: ಮನುಷ್ಯನ ಕೆಲಸದಿಂದ ನೇರವಾಗಿಯೋ ಬಳಸಿಯೋ ವಾತಾವರಣದ ಬೆರಕೆಯೇ ಬೇರೆಯಾಗಿ, ಸಹಜ ಏರಿಳಿತದ ಮೇಲೆ ಹೆಚ್ಚುವರಿಯಾಗಿ ಆದದ್ದು ಮಾತ್ರ ಬದಲಾವಣೆ. 1988ರಲ್ಲಿ ಹುಟ್ಟಿದ ಐಪಿಸಿಸಿ ಎಂಬ ವಿಜ್ಞಾನಿಗಳ ಸಮಿತಿ ಅಷ್ಟು ಬಿಗಿ ಇಲ್ಲ. ದಶಕಗಟ್ಟಲೆ ನಿಲ್ಲುವ ಯಾವ ಬದಲಾವಣೆಯಾದರೂ, ಕಾರಣ ಪ್ರಕೃತಿಯಾಗಲಿ ಮನುಷ್ಯನಾಗಲಿ, ಅದು ಬದಲಾವಣೆಯೇ. ಒಂದೇ ಪದ, ಎರಡು ಮನೆಯಲ್ಲಿ ಎರಡು ಅಳತೆ. ಇದನ್ನು ಕನ್ನಡದಲ್ಲಿ ಹೇಳಬೇಕಾದರೆ ಬಂದು ಹೋಗುವ ಏರಿಳಿತಕ್ಕೆ ಬೇರೆ ಪದ ಬೇಕೇ ಬೇಕು. ನಿಘಂಟಿನವರು ‘ವ್ಯತ್ಯಯ’ ಅನ್ನುತ್ತಾರೆ. ನಮ್ಮಲ್ಲಿ ವ್ಯತ್ಯಯ ಅಂದರೆ ಕರೆಂಟು ಹೋಗುವುದು, ಮೈಕಿನಲ್ಲಿ ಡಂಗುರ ಹಾಕಿ ಅದೊಂದೇ ಅರ್ಥ ಉಳಿಸಿದ್ದಾರೆ. ನಾನು ‘ಏರುಪೇರು’ ಹಾಕಿದ್ದೇನೆ. ಉದಾಹರಣೆಗೆ ತೋಟದ ಹಳೇ ಮೆಟ್ಟಿಲುಬಾವಿಯನ್ನೇ ಹಿಡಿದೆ. ನೀರು ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿಯುವುದು ಏರುಪೇರು. ಹಿಂದೆ ಬರೀ ಮೇ ತಿಂಗಳಲ್ಲಿ ಕಾಣುತ್ತಿದ್ದ ಮೆಟ್ಟಿಲು ಈಗ ಮಳೆಗಾಲದಲ್ಲೂ ಒಣಗಿ ಕೂತಿದ್ದರೆ ಅದು ಬದಲಾವಣೆ. ಇದನ್ನು ಕಾಕಾ ಒಪ್ಪಿದರು. “ಇದ್ನ ಮೊದಲ ಬರೀಬೇಕಿಲ್ಲೇನ್ರಿ” ಅಂದರು.

ಮೂರನೆಯದು ನಿಜವಾದ ಪ್ರಶ್ನೆ, ಅದಕ್ಕೇ ಈ ಪತ್ರ. ಮಾತು ಮುಗಿಯುವ ಹೊತ್ತಿಗೆ ಕಾಕಾನ ಸೊಸೆ, ಅಷ್ಟೊತ್ತೂ ಮಣೂಕ ಆರಿಸುತ್ತ ಕೂತಿದ್ದವಳು, ತಲೆ ಎತ್ತದೆ ಅಂದಳು: “ಮಳಿ ಏನ ಕಡಿಮಿ ಆಗಿಲ್ರಿ ಅಕ್ಕಾರ. ವಾಡಿಕಿ ತಪ್ಪೈತಿ.”

ವಾಡಿಕೆ! ಇದು ನಮ್ಮ ಕೃಷಿ ಇಲಾಖೆ ದಿನಬೆಳಗಾದರೆ ಬಳಸುವ ಪದ. ‘ವಾಡಿಕೆ ಮಳೆ’, ‘ವಾಡಿಕೆಗಿಂತ ಶೇ. 30 ಕೊರತೆ’. ರೂಢಿಯಲ್ಲಿ ಬಂದದ್ದು, ಹೀಗೆಯೇ ಆಗುತ್ತದೆ ಅಂತ ನಂಬಿ ಬಿತ್ತಬಹುದಾದದ್ದು ವಾಡಿಕೆ. ವಿಜ್ಞಾನಿಗಳು ವಾಯುಗುಣ ಅನ್ನುವುದೂ ಇದನ್ನೇ. ವಿಶ್ವ ಹವಾಮಾನ ಸಂಸ್ಥೆ ಮೂವತ್ತು ವರ್ಷದ ಸರಾಸರಿ ಹಿಡಿಯುತ್ತದೆ, ಈಗ ನಡೆಯುತ್ತಿರುವುದು 1991ರಿಂದ 2020ರ ಲೆಕ್ಕ. ಮೂವತ್ತು ವರ್ಷ ಅಂದರೆ ಹೆಚ್ಚುಕಡಿಮೆ ಒಂದು ತಲೆಮಾರು, ಅಪ್ಪ ಮಗನಿಗೆ ಹೊಲ ಬಿಟ್ಟುಕೊಡುವ ಅವಧಿ. ಅಪ್ಪನ ವಾಡಿಕೆ ಮಗನಿಗೆ ಕೆಲಸಕ್ಕೆ ಬರಲಿಲ್ಲ ಅಂದರೆ ಅದೇ ನಾವು ಹೇಳಬೇಕಾದ ಬದಲಾವಣೆ. ಎಷ್ಟು ಸಲೀಸು!

ಆದರೆ ವಾಡಿಕೆಯೊಳಗೂ ಒಂದು ಹುಳುಕಿದೆ, ಮುಚ್ಚಿಡಬಾರದು. ವಾಡಿಕೆಯನ್ನು ಆಗಾಗ ಹೊಸದಾಗಿ ಲೆಕ್ಕ ಹಾಕುತ್ತಾರೆ. ದೇಶದ ಮುಂಗಾರಿನ ವಾಡಿಕೆ ಮಳೆ 1961–2010ರ ಲೆಕ್ಕದಲ್ಲಿ 88 ಸೆಂ.ಮೀ. ಇತ್ತು. 1971–2020ರ ಲೆಕ್ಕ ಬಂದಮೇಲೆ 87 ಆಯಿತು. ಮೊದಲಿನ ಅಳತೆಗೆ ಸ್ವಲ್ಪ ಕೊರತೆ ಅನ್ನಿಸುವ ಮಳೆ ಹೊಸ ಅಳತೆಗೆ ಭರ್ತಿಯಾಗಬಹುದು. ಸೇರು ಸಣ್ಣದಾದರೆ ಕಾಳು ಹೆಚ್ಚು ಬಂದಂತೆ ಕಾಣುತ್ತದಲ್ಲ, ಹಾಗೆ. ಅದಕ್ಕೇ ಉಷ್ಣತೆಯ ವಿಷಯಕ್ಕೆ ಬಂದರೆ ಅಳತೆಗಲ್ಲನ್ನು 1850–1900ರಲ್ಲಿ ನೆಟ್ಟು ಅಲ್ಲಿಂದ ಎಣಿಸುತ್ತಾರೆ. ಅಲ್ಲಿಂದ 2011–20ರ ದಶಕಕ್ಕೆ ಭೂಮಿಯ ಸರಾಸರಿ ಸುಮಾರು 1.1 ಡಿಗ್ರಿ ಏರಿದೆ. 2015ರ ಪ್ಯಾರಿಸ್ ಒಪ್ಪಂದದ 1.5 ಡಿಗ್ರಿಯೂ ಈ ಕಲ್ಲಿನಿಂದಲೇ ಎಣಿಕೆ.

ಇನ್ನು ನಮ್ಮ ವಾಡಿಕೆ ಇರುವುದು ಮಳೆನಕ್ಷತ್ರದಲ್ಲಿ. ಮಿರಗಕ್ಕೆ (ಮೃಗಶಿರಾ ಮಳೆಗೆ) ಮುಂಗಾರಿ ಬಿತ್ತು, ಎರೆಹೊಲಕ್ಕೆ ಉತ್ತರಿ-ಹಸ್ತದ ಹಸಿ ಹಿಡಿದು ಹಿಂಗಾರಿ ಜೋಳ ಬಿತ್ತು. ‘ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ’ ಎಲ್ಲರ ಬಾಯಲ್ಲೂ ಇದೆ. ಸಭೆಯಲ್ಲಿ ಪಂಚಾಂಗ ಓದಿಕೊಂಡ ಒಬ್ಬರು, ನಕ್ಷತ್ರಗಳೇ ಸರಿದಿವೆ, ಅದಕ್ಕೇ ಮಳೆ ತಪ್ಪುತ್ತಿದೆ ಅಂದರು. ಅರ್ಧ ಸರಿ. ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ, ಹಾಗಾಗಿ ಮಿರಗ ಹೊಕ್ಕುವ ದಿನ ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ. ಡೋಗಿ ಬರದಿಂದ ಇವತ್ತಿಗೆ ಲೆಕ್ಕ ಹಾಕಿದರೂ ಮೂರು ದಿನದ ಮೇಲೆ ಚೂರು. ಒಂದೇ ತಲೆಮಾರು ಕಂಡ ಅದಲುಬದಲಿಗೆ ಈ ಕಾರಣ ಸಾಲುವುದಿಲ್ಲ. ಸಾಲುವ ಕಾರಣ ಬೇರೆ ಇದೆ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಹೊರುವ ಚೀಲ ದೊಡ್ಡದಾದಮೇಲೆ ತುಂಬಲಿಕ್ಕೂ ತಡ, ಸುರಿದರೂ ಒಮ್ಮೆಲೇ. ನೆಲದ ಹಸಿಯನ್ನೂ ಅದೇ ಹೀರುತ್ತದೆ. 2009 ನೆನಪಿಸಿಕೊಳ್ಳಿ. ಆ ಮುಂಗಾರು ದೇಶಕ್ಕೇ 1972ರ ನಂತರದ ಅತಿ ದೊಡ್ಡ ಕೊರತೆಯದು, ಸೆಪ್ಟೆಂಬರ್ ಕೊನೆಗೆ ನಮ್ಮಲ್ಲಿ ಹಿಡಿದ ಮಳೆ ಬಾಗಲಕೋಟೆ, ವಿಜಯಪುರದ ಹಳ್ಳಿಗಳನ್ನು ಮುಳುಗಿಸಿತು. ಆ ಒಂದು ಘಟನೆಗೆ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಬರ, ನೆರೆ ಎರಡೂ ಒಂದೇ ವರ್ಷದ ಪುಟದಲ್ಲಿ ಕೂತರೆ ‘ಸರಾಸರಿ’ ಎಂಬ ಪದ ಎಷ್ಟು ಪೊಳ್ಳಾಗುತ್ತದೆ ನೋಡಿ ಅಂತ ಅಷ್ಟೇ.

ಈಗ ‘ಹಸಿರುಮನೆ ಪರಿಣಾಮ’. ಇದನ್ನು ಓದಿದಾಗ ಎಲ್ಲರೂ ಒಮ್ಮೆಲೇ ತಲೆ ಎತ್ತಿ ಮೇಲೆ ನೋಡಿದರು. ನಾವು ಕೂತದ್ದೇ ಹಸಿರು ಪರದೆಯ ಕೆಳಗೆ! ಮಣೂಕಕ್ಕೆ ನೇರ ಬಿಸಿಲು ಬಿದ್ದು ಕಪ್ಪಾಗಬಾರದು ಅಂತ ಕಟ್ಟಿದ ಹಸಿರು ಬಲೆ, ಬದಿಯಿಂದ ಗಾಳಿ ಆಡುವಂತೆ ಬಿಟ್ಟ ಜಾಗ, ಕೆಳಗೆ ತಂತಿಜಾಳಿಗೆಯ ಅಂತಸ್ತಿನ ಮೇಲೆ ಹರವಿದ ಗೊಂಚಲು. “ಇದು ತಂಪ ಮಾಡತೈತಿ, ನೀವು ಬಿಸಿ ಮಾಡತೈತಿ ಅಂತೀರಿ” ಅಂದ ಒಬ್ಬ ಹುಡುಗ. ಏನು ಉತ್ತರ ಕೊಡಲಿ? ಹಸಿರು ಅಂದಮೇಲೆ ನಮ್ಮ ಕಿವಿಗೆ ಒಳ್ಳೆಯದೇ ಕೇಳಿಸುವುದು. ಹಸಿರು ಕ್ರಾಂತಿ, ಹಸಿರು ಶಾಲು, ಹಸಿರು ನೋಟು. ‘ಹಸಿರುಮನೆ ಅನಿಲ ಕಡಿಮೆ ಮಾಡಿ’ ಅಂದರೆ ಗಿಡ ಕಡಿಯಲು ಹೇಳಿದಂತೆ ಕೇಳುತ್ತದೆ.

ಮೇಲಾಗಿ ಹೋಲಿಕೆಯೂ ಸರಿಯಿಲ್ಲ. ಗಾಜಿನ ಮನೆ ಬಿಸಿಯಾಗುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಎದ್ದು ಹೊರಗೆ ಹೋಗಲಿಕ್ಕೆ ದಾರಿ ಇಲ್ಲದ್ದರಿಂದ. 1909ರಲ್ಲಿ ಅಮೆರಿಕದ ರಾಬರ್ಟ್ ವುಡ್ ಒಂದು ಪೆಟ್ಟಿಗೆಗೆ ಗಾಜು, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆ ಮುಚ್ಚಿ ಬಿಸಿಲಿಗಿಟ್ಟ. ಕಲ್ಲುಪ್ಪು ಶಾಖದ ಕಿರಣಗಳನ್ನು ತಡೆಯುವುದಿಲ್ಲ, ಆದರೂ ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಿಸಿಯಾದವು. ವಾತಾವರಣದ ಇಂಗಾಲದ ಡೈಆಕ್ಸೈಡ್, ಮೀಥೇನ್, ನೀರಾವಿ ಮಾಡುವುದು ಬೇರೆ ಕೆಲಸ: ನೆಲ ಮೇಲಕ್ಕೆ ಬಿಡುವ ಶಾಖದ ಕಿರಣವನ್ನು ಹೀರಿ ಒಂದಿಷ್ಟನ್ನು ಕೆಳಗೆ ಮರಳಿಸುತ್ತವೆ. 1859ರಲ್ಲಿ ಟಿಂಡಾಲ್ ಎಂಬ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಅಳೆದದ್ದು ಇದನ್ನು, 1896ರಲ್ಲಿ ಅರೇನಿಯಸ್ ಎಂಬ ಇನ್ನೊಬ್ಬ ವಿಜ್ಞಾನಿ ಕಾಗದದ ಮೇಲೆ ಲೆಕ್ಕ ಹಾಕಿದ್ದೂ ಇದನ್ನೇ. ಇವು ಒಂದಿಷ್ಟೂ ಇಲ್ಲದಿದ್ದರೆ ಭೂಮಿಯ ಸರಾಸರಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಕೈಗಾರಿಕೆಗೆ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 280 ಇದ್ದ ಡೈಆಕ್ಸೈಡ್ ಈಗ 420 ದಾಟಿದೆ.

ಇದಕ್ಕೆ ನಾನು ಹಿಡಿದ ಪದ ‘ಕೌದಿ’, ಅಂದರೆ ಹಳೇ ಸೀರೆ ಪದರಪದರವಾಗಿ ಹೊಲಿದ ಹೊದಿಕೆ. ಚಳಿಗಾಲದಲ್ಲಿ ಮೋಡ ಕವಿದ ರಾತ್ರಿ ಚಳಿ ಕಡಿಮೆ, ಆಕಾಶ ತಿಳಿಯಾಗಿದ್ದರೆ ಹಲ್ಲು ಕಡಿಯುವ ಚಳಿ. ಇದು ಜೋಳ ಕಾಯುವ ಹುಡುಗನಿಗೂ ಗೊತ್ತು. ಕೌದಿ ತಾನು ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿ ಹೋಗಗೊಡುವುದಿಲ್ಲ. ಮೇಲೆ ಇನ್ನೊಂದು ಪದರ ಹಳೇ ಸೀರೆ ಹೊಲಿದರೆ ಒಳಗಿನವನಿಗೆ ಬೆವರು, ಕೌದಿಯ ಹೊರಮೈ ಮಾತ್ರ ತಣ್ಣಗೆ. ಭೂಮಿಯಲ್ಲೂ ಅಷ್ಟೇ: ಕೆಳಗಿನ ಗಾಳಿ ಬಿಸಿಯಾಗುತ್ತಿರುವಾಗ ಎತ್ತರದ ಸ್ತರಮಂಡಲ ತಣ್ಣಗಾಗುತ್ತಿದೆ. ಸೂರ್ಯನೇ ಕಾರಣವಾಗಿದ್ದರೆ ಅದೂ ಬಿಸಿಯಾಗಬೇಕಿತ್ತು. ‘ಹಸಿರುಮನೆ ಅನಿಲ’ವನ್ನು ‘ಕೌದಿ ಅನಿಲ’ ಅಂದರೆ ಪಾಠಪುಸ್ತಕದವರು ನಗಬಹುದು. ಬೆಂಗಳೂರಿನ ಕಡೆಯವರಿಗೆ ಕೌದಿ ಅರ್ಥವಾಗುತ್ತದೋ ಇಲ್ಲವೋ. ಕಂಬಳಿ ಅಂದರೆ ಎಲ್ಲರಿಗೂ ನಡೆದೀತೇ?

‘ಜಾಗತಿಕ ತಾಪಮಾನದಿಂದಾಗಿ’ ಅಂತ ಬರೆಯುವವರ ಬಗ್ಗೆ ಒಂದೇ ಮಾತು. ತಾಪಮಾನ ಬರೀ ಅಳತೆ, ಅದು ಏರಿದ್ದು ತೊಂದರೆ. ‘ಜ್ವರ ಬಂದಿದೆ’ ಅನ್ನುವ ಬದಲು ‘ಥರ್ಮಾಮೀಟರ್ ಬಂದಿದೆ’ ಅಂದಂತಾಯಿತು. ‘ಏರಿಕೆ’ ಸೇರಿಸಲು ಮೂರಕ್ಷರ ಸಾಕು.

‘ಬಿಸಿಗಾಳಿ’ಯದೂ ತಕರಾರಿದೆ. ಹವಾಮಾನ ಇಲಾಖೆಯ ಅಳತೆಯಲ್ಲಿ ಬಿಸಿಗಾಳಿ ಅನ್ನಬೇಕಾದರೆ ಬಯಲುಸೀಮೆಯ ಗರಿಷ್ಠ ಉಷ್ಣತೆ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರ 45 ಮುಟ್ಟಬೇಕು. (ಇಲ್ಲೂ ವಾಡಿಕೆ ಬಂತು ನೋಡಿ.) ಇದರಲ್ಲಿ ಗಾಳಿಯ ಮಾತೇ ಇಲ್ಲ, ಎಲೆ ಅಲ್ಲಾಡದ ದಿನವೂ ಅದು ಬಿಸಿಗಾಳಿಯೇ! ನಮ್ಮಲ್ಲಿ ಇದಕ್ಕೆ ಝಳ ಇದೆ, ಧಗೆ ಇದೆ. ಶೆಕೆ ಬೇರೆ. ವಿಜಯಪುರದ ಏಪ್ರಿಲ್ಲಿನದು ಒಣ ಝಳ, ಹರವಿಯ ನೀರು ತಣ್ಣಗಿರುತ್ತದೆ, ಒದ್ದೆ ಟವೆಲ್ಲು ತಲೆಗೆ ಹಾಕಿದರೆ ಜೀವ ಬರುತ್ತದೆ. ಮಂಗಳೂರಿನದು ಶೆಕೆ, ಅಲ್ಲಿ ಬೆವರು ಆರುವುದೇ ಇಲ್ಲ. ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತಿ ಅಳೆಯುವ ಉಷ್ಣತೆ 35 ಡಿಗ್ರಿ ಆಯಿತೆಂದರೆ, ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದವನ ಮೈಯೂ ಬೆವರಿ ತಣಿಯಲಾರದು. ವಿಜ್ಞಾನಿಗಳು ಹೆದರುವುದು ಇದಕ್ಕೆ. ಹಾಗಾಗಿ ಕೈಪುಸ್ತಕದಲ್ಲಿ ‘ಝಳ’, ‘ಶೆಕೆ’ ಎರಡನ್ನೂ ಬೇರೆ ಬೇರೆ ಇಟ್ಟಿದ್ದೇನೆ. ಇಷ್ಟು ಚೊಕ್ಕ ಭೇದ ಇರುವ ಭಾಷೆಯಲ್ಲಿ ‘ಶಾಖದ ಅಲೆ’ ಯಾಕೆ ಬೇಕೋ ನನಗೆ ತಿಳಿಯದು.

2023ರ ಬರಗಾಲದಲ್ಲಿ ಕೇಳಿಬಂದ ‘ಹಸಿರು ಬರ’ ಮಾತ್ರ ನನಗೆ ಇಷ್ಟವಾದ ಹೊಸ ಪದ. ಹೊಲ ಹಸಿರಾಗಿ ಕಾಣುತ್ತದೆ, ತೆನೆ ಬಿಡಿಸಿದರೆ ಕಾಳಿಲ್ಲ. ಸಮೀಕ್ಷೆಗೆ ಬಂದವರು ಜೀಪಿನಿಂದ ಇಳಿಯದೆ ನೋಡಿದರೆ ಬೆಳೆ ಚೆನ್ನಾಗಿದೆ. ಆ ಪದದಲ್ಲಿ ಹಸಿರು ಮೋಸ ಮಾಡುವುದನ್ನೇ ಹೇಳಿದ್ದಾರೆ, ಹಸಿರುಮನೆಯಂತೆ ಅರಿಯದೆ ಮೋಸ ಮಾಡಿಲ್ಲ.

ಕೊನೆಗೆ ಎರಡು ಜೋಡಿಪದ. ಬದಲಾದ ಕಾಲಕ್ಕೆ ತಕ್ಕಂತೆ ನಾವು ಬದಲಾಗುವುದಕ್ಕೆ ‘ಹೊಂದಾಣಿಕೆ’ ಅಂತ ಇದೆ, ನಮ್ಮಲ್ಲಿ ಹೊಂದಾಣಿಕೆ ಅಂದರೆ ಗ್ರಾಮ ಪಂಚಾಯಿತಿ ಎಲೆಕ್ಷನ್. ಹೊಗೆಯ ಮೂಲವನ್ನೇ ಕಡಿಮೆ ಮಾಡುವುದಕ್ಕೆ ‘ಉಪಶಮನ’, ಅದು ಮುಲಾಮಿನ ಡಬ್ಬಿಯ ಮೇಲಿನ ಪದ. ಸದ್ಯಕ್ಕೆ ‘ಒಗ್ಗಿಕೊಳ್ಳುವುದು’, ‘ತಗ್ಗಿಸುವುದು’ ಅಂತ ಹಾಕಿದ್ದೇನೆ. ನೀರು-ಹವಾ ಒಗ್ಗುವ ಮಾತು ಹೇಗೂ ಇದೆಯಲ್ಲ.

ಬಳಗದವರಲ್ಲಿ ಕೇಳುವುದು ಇಷ್ಟು. ಮೊದಲ ಸಾಲನ್ನು ಈಗ ಹೀಗೆ ತಿದ್ದಿದ್ದೇನೆ: ‘ಮಳೆ, ಬಿಸಿಲು, ಚಳಿಯ ವಾಡಿಕೆಯೇ ಬದಲಾಗುತ್ತಿದೆ, ಇದನ್ನು ವಾಯುಗುಣ ಬದಲಾವಣೆ ಅನ್ನುತ್ತಾರೆ.’ ‘ವಾಡಿಕೆ ಬದಲಾವಣೆ’ ಅಂತ ಬರೀ ಎರಡು ಪದದಲ್ಲಿ ಬರೆದರೆ ಮದುವೆಯ ಶಾಸ್ತ್ರ ಬದಲಾದಂತೆ ಕೇಳುತ್ತದೆ ಅಂತ ನಮ್ಮ ಮನೆಯವರ ಆಕ್ಷೇಪ. ‘ಹವಾ-ವಾಡಿಕೆ’ ಅಂದರೆ ಹೇಗೆ? ವಾಯುಗುಣ, ಹವಾಗುಣ ಎರಡರಲ್ಲಿ ನಿಮ್ಮ ಕಡೆ ಯಾವುದು ಬಾಯಲ್ಲಿದೆ? ಚಿಕ್ಕೋಡಿ, ಅಥಣಿ ಕಡೆಯವರು ‘ಅವಕಾಳಿ’ ಮಳೆ ಅನ್ನುವುದನ್ನು ಕೇಳಿದ್ದೇನೆ. ಅದಕ್ಕೂ ನಮ್ಮ ಅಡ್ಡಮಳೆಗೂ ಅರ್ಥದಲ್ಲಿ ವ್ಯತ್ಯಾಸ ಇದೆಯೇ? ಹುನಗುಂದ, ಬಾದಾಮಿ ಕಡೆ ‘ವಾಡಿಕಿ ತಪ್ಪೂದು’ ಮಳೆಗಲ್ಲದೆ ಬೇರೆ ಯಾವುದಕ್ಕಾದರೂ ಬಳಸುತ್ತಾರೆಯೇ?

ಅಚ್ಚಿನವರು ಮುಂದಿನ ಸೋಮವಾರಕ್ಕೆ ಕರಡು ಕೇಳಿದ್ದಾರೆ. ಅಷ್ಟರೊಳಗೆ ಉತ್ತರ ಬಂದರೆ ಅನುಕೂಲ. ಕಾಕಾನ ಸೊಸೆಗೂ ಓದಿ ಹೇಳಬೇಕು, ಪುಸ್ತಕದಲ್ಲಿ ತನ್ನ ಮಾತು ಹಾಕುತ್ತೇನೆ ಅಂದಾಗಿನಿಂದ ಅವಳು ದಿನಾ ಫೋನು ಮಾಡುತ್ತಿದ್ದಾಳೆ.